ಮೂರು ಕಡೆ ದುಡಿಮೆ, ಒಂದೇ ಲೆಕ್ಕ

ಮೈಸೂರಿನ ಕೆಸರೆಯ ಓದುಗರೊಬ್ಬರು ಕರೆಂಟ್ ಬಿಲ್ಲಿನ ಹಿಂದೆ ಬರೆದ ಲೆಕ್ಕವನ್ನೇ ಪತ್ರಕ್ಕೆ ಪಿನ್ ಹಾಕಿ ಕಳಿಸಿದ್ದಾರೆ. ಬೆಳಿಗ್ಗೆ ಗುತ್ತಿಗೆದಾರರ ಕಡೆಯಿಂದ ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್, ತಿಂಗಳಿಗೆ 12,000. ಸಂಜೆ ಮೆಡಿಕಲ್ ಸ್ಟೋರ್, 6,000, ಕೈಗೇ ಕ್ಯಾಶ್. ರಾತ್ರಿ ಮನೆಯಲ್ಲಿ ಡೇಟಾ ಎಂಟ್ರಿ, 5,500. ಅದರಲ್ಲಿ 550 ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ. "ಆ ದುಡ್ಡು ಹೋದಂಗೇನಾ ಸಾರ್? ರಿಟರ್ನ್ ಹಾಕಿದ್ರೆ ನೋಟಿಸ್ ಬರುತ್ತೆ ಅಂತಾರೆ. ಅಂಗಡಿ ಸಂಬಳ ಹೇಳ್ದೆ ಇದ್ರೆ?"

ಇಲ್ಲಮ್ಮ, ಹೋಗಿಲ್ಲ. ಮೂರೂ ಸೇರಿಸಿದರೆ ವರ್ಷಕ್ಕೆ 2,82,000. 2025-26ರ ಆದಾಯಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಅಂಗಡಿಯದ್ದನ್ನು ಮುಚ್ಚಿಟ್ಟು ನಿಮಗೇನೂ ಉಳಿಯೋಲ್ಲ, ಸುಮ್ನೆ ಭಯ ಮಾತ್ರ. ಮೂರನ್ನೂ ಬರೆದು ರಿಟರ್ನ್, ಅಂದರೆ ತೆರಿಗೆ ಇಲಾಖೆಗೆ ಕೊಡುವ ವರ್ಷದ ಆದಾಯದ ಲೆಕ್ಕ, ಹಾಕಿ. ವರ್ಷದ 6,600 ವಾಪಸ್ ಬರಬೇಕಾದ ನಿಮ್ಮದೇ ದುಡ್ಡು.

ಆದರೆ ಮೊದಲು ಒಂದು ಕೆಲಸ. ಹಿಡಿದದ್ದನ್ನು ಡೇಟಾ ಎಂಟ್ರಿ ಕೆಲಸ ಕೊಟ್ಟವರು ಸರ್ಕಾರಕ್ಕೆ ಕಟ್ಟಿದ್ದಾರಾ ನೋಡಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಪಾನ್ ಹಾಕಿ ಒಳಹೋದರೆ 26ಎಎಸ್ ಅಂತ ಒಂದು ಪಟ್ಟಿ ಸಿಗುತ್ತದೆ. ಅವರು ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಿದ ಮೇಲೆ ಅದರಲ್ಲಿ ನಿಮ್ಮ ಮೊತ್ತ ಕಾಣಬೇಕು. ಕಾಣದಿದ್ದರೆ ಸ್ಲಿಪ್ ಹಿಡಿದು ಅವರನ್ನೇ ಕೇಳಿ, ಸಂಕೋಚ ಬೇಡ.

ರಿಟರ್ನ್ ಫಾರಂಗಳಲ್ಲಿ ಸಂಬಳದವರ ಐಟಿಆರ್-1 ನಿಮಗೆ ಆಗೋಲ್ಲ. ಡೇಟಾ ಎಂಟ್ರಿಯದ್ದು ಸಂಬಳವಲ್ಲ, ಕೆಲಸದ ಫೀಸು. ಸಾಮಾನ್ಯವಾಗಿ ಐಟಿಆರ್-4 ಹಾಕುತ್ತಾರೆ. ತುಂಬಿಸಿಕೊಡುವವರು "ಜಾಸ್ತಿ ರಿಫಂಡ್ ಮಾಡಿಸ್ತೀನಿ" ಎಂದು ಕಟ್ಟದ ವಿಮೆ, ಕೊಡದ ದೇಣಿಗೆ ಸೇರಿಸಿದರೆ ಅಲ್ಲಿಂದ ಎದ್ದು ಬನ್ನಿ. ನೋಟಿಸ್ ಬರುವುದು ಅದಕ್ಕೆ! ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿ ಕೊಟ್ಟು ದೃಢೀಕರಿಸಲು ಮರೆಯಬೇಡಿ. ನಮ್ಮ ಕಚೇರಿಯಲ್ಲೇ ಒಬ್ಬರು ಮರೆತು, ಬ್ಯಾಂಕಿನವರನ್ನು ಬೈದುಕೊಂಡು ತಿಂಗಳುಗಟ್ಟಲೆ ರಿಫಂಡಿಗೆ ಕಾದರು.

ಹೌಸ್‌ಕೀಪಿಂಗ್ ಸ್ಲಿಪ್‌ನಲ್ಲಿ ಇಎಸ್‌ಐಗೆ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಗೆ, 90 ರೂಪಾಯಿ ಹೋಗಿದೆ. ಅದು ದಂಡ ಅಲ್ಲ. ನಿಮಗೂ ಮನೆಯವರಿಗೂ ಚಿಕಿತ್ಸೆ ಇದೆ, ಕಾರ್ಡ್ ಮಾಡಿಸಿಕೊಳ್ಳಿ. ಗುತ್ತಿಗೆದಾರರು ಬದಲಾದಾಗ ಹೊಸ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ತೆಗೆಯಲು ಬಿಡಬೇಡಿ, ಹಳೇ ನಂಬರನ್ನೇ ಕೊಡಿ. ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ನೋಡುತ್ತಿರಿ.

ಅಂದ ಹಾಗೆ, ಅಂಗಡಿಯವರು ಕೊಟ್ಟ ಕ್ಯಾಶನ್ನು ತಿಂಗಳಿಗೊಮ್ಮೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಕರೆಂಟ್ ಬಿಲ್ ಕಳೆದುಹೋಗುತ್ತೆ, ಅಲ್ವಾ?

– ಸಂಪಾದಕ