ಬಾವಿಯಲ್ಲಿ ಪೆಟ್ರೋಲ್ ತೇಲಿದರೆ ಮೊದಲು ಮೋಟಾರ್ ಆಫ್ ಮಾಡಿ

ನನಗೆ ಬರುವ ಪತ್ರಗಳಲ್ಲಿ ಅರ್ಧ, ಬೋರ್‌ವೆಲ್ ಎಲ್ಲಿ ಕೊರೆಸಲಿ ಅಂತ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೇಳುವವರು ಊರೂರಲ್ಲಿ ಇದ್ದಾರಲ್ಲ, ನನ್ನ ಉತ್ತರ ಅವರಷ್ಟು ರುಚಿಯಾಗಿ ಇರುವುದಿಲ್ಲ. ಉಳಿದ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ನಮ್ಮದು ಕರಾವಳಿಯ ಊರು. ತೆರೆದ ಬಾವಿ, ಹತ್ತಿರದಲ್ಲೇ ಪೆಟ್ರೋಲ್ ಬಂಕ್. ಮಳೆಗಾಲ ಮುಗಿದ ಮೇಲೆ ನೀರಿಗೆ ಪೆಟ್ರೋಲ್ ವಾಸನೆ, ಮೇಲೆ ತೆಳ್ಳಗೆ ಪದರ. ಎರಡು ದಿನ ಮೋಟಾರ್ ಬಿಟ್ಟು ಬಾವಿ ಖಾಲಿ ಮಾಡಿದರೆ ಸರಿಹೋಗುತ್ತದೆ ಎಂದು ಮೋಟಾರ್ ರಿಪೇರಿಯವರು ಹೇಳುತ್ತಾರೆ. ತೇಲುವ ಎಣ್ಣೆಯನ್ನಷ್ಟೇ ತೆಗೆಯುವ ಸ್ಕಿಮ್ಮರ್ ಸಿಗುತ್ತದಂತೆ. ತರಿಸಲೇ?

ಉತ್ತರ: ಮೋಟಾರ್ ಓಡಿಸಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಾವಿಯೊಳಗೇ ಕೂತಿರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಒಂದೂವರೆ ಪಾಲು ಇದ್ದರೂ ಒಂದು ಕಿಡಿ ಸಾಕು. ಯಾರನ್ನೂ ಬಾವಿಗೆ ಇಳಿಸಬೇಡಿ, ಸೊಂಟಕ್ಕೆ ಹಗ್ಗ ಕಟ್ಟಿದರೂ ಬೇಡ.

ಕಿಡಿಯ ಮಾತು ಬಿಡಿ, ಆ ಸಲಹೆಯೇ ತಪ್ಪು. ಪೆಟ್ರೋಲ್ ಇರುವುದು ಮೇಲೆ, ನಿಮ್ಮ ಪಂಪ್ ಎಳೆಯುವುದು ಕೆಳಗಿನಿಂದ. ಸುಮ್ನೆ ನೀರು ಖರ್ಚು. ನೀರಿನ ಮಟ್ಟ ಇಳಿದ ಹಾಗೆ ಮೇಲಿನ ಪದರವೂ ಇಳಿಯುತ್ತದೆ. ಅಲ್ಲಿಯವರೆಗೆ ಶುದ್ಧವಾಗಿದ್ದ ಕೆಳಗಿನ ಮಣ್ಣಿಗೆ, ಮುರಕಲ್ಲಿನ ತೂತುಗಳಿಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ನೀರು ಏರಿದರೂ ಅದು ಬಿಟ್ಟು ಬರುವುದಿಲ್ಲ. ಸುತ್ತಲಿನ ಪೆಟ್ರೋಲೂ ಬಾವಿಯ ಕಡೆಗೆ ಹರಿದು ಬರುತ್ತದೆ. ಎರಡು ದಿನದ ಪಂಪಿಂಗ್‌ಗೆ ಎಷ್ಟೋ ವರ್ಷದ ಗಲೀಜು ಕೊಂಡಂತೆ.

ಇನ್ನು ಸ್ಕಿಮ್ಮರ್. ಅಂತರ್ಜಲದ ಕೆಲಸ ಮಾಡುವ ಭೂವಿಜ್ಞಾನಿಗಳು ಇದರಲ್ಲಿ ನಿಜಕ್ಕೂ ಜಾಣತನ ತೋರಿಸಿದ್ದಾರೆ. ಮೊದಲು ಇದ್ದದ್ದು ಬೇಲರ್, ಅಂದರೆ ಹಗ್ಗಕ್ಕೆ ಕಟ್ಟಿದ, ಬುಡದಲ್ಲಿ ಕವಾಟ ಇರುವ ಕೊಳವೆ. ಇಳಿಸು, ಎತ್ತು, ಸುರಿ, ಮತ್ತೆ ಇಳಿಸು. ಅರ್ಧಕ್ಕರ್ಧ ನೀರೇ ಬರುತ್ತದೆ. ಒಂದು ಬೆಳಿಗ್ಗೆ ಇದನ್ನು ಮಾಡಿ ನೋಡಿದವರಿಗೆ ಬೇರೆ ದಾರಿ ಹುಡುಕಬೇಕು ಅನಿಸದೆ ಇರದು. ನನ್ನ ಭುಜಕ್ಕಂತೂ ಅನಿಸಿದೆ.

ಸ್ಕಿಮ್ಮರ್‌ನಲ್ಲಿ ಎರಡು ಉಪಾಯ ಇವೆ. ಒಂದು, ಎಣ್ಣೆ ಒಳಗೆ ಹೋಗುವ ಬಾಯಿಯನ್ನೇ ತೇಲುವಂತೆ ಮಾಡಿದ್ದು. ನೀರು ಏರಲಿ, ಇಳಿಯಲಿ, ಬಾಯಿ ಪದರದ ಮಟ್ಟದಲ್ಲೇ ಇರುತ್ತದೆ. ಇನ್ನೊಂದು, ಆ ಬಾಯಿಗೆ ನೀರನ್ನು ತಡೆದು ಎಣ್ಣೆಯನ್ನು ಬಿಡುವ ಜಾಲರಿ. ಒಳಬಂದ ಎಣ್ಣೆ ಕೆಳಗಿನ ಡಬ್ಬಿಯಲ್ಲಿ ತುಂಬುತ್ತದೆ, ಎತ್ತಿ ಸುರಿದರೆ ಆಯಿತು. ಕರೆಂಟು ಬೇಡ, ಹಾಗಾಗಿ ಕಿಡಿಯ ಭಯವೂ ಕಡಿಮೆ. ಜಾಸ್ತಿ ಎಣ್ಣೆ ಇದ್ದರೆ ಗಾಳಿ ಒತ್ತಡದಿಂದ ನಡೆಯುವ ಪಂಪ್ ಜೋಡಿಸುತ್ತಾರೆ. ಎಣ್ಣೆ ಅಂಟಿಕೊಳ್ಳುವ ಪಟ್ಟಿಯನ್ನು ಬಾವಿಯೊಳಗೆ ತಿರುಗಿಸಿ ಮೇಲೆ ಕೆರೆದು ತೆಗೆಯುವ ಯಂತ್ರವೂ ಇದೆ. ತೆಳ್ಳನೆಯ ಪದರಕ್ಕೆ ಪಾಲಿಪ್ರೊಪಿಲೀನ್ ನಾರು ತುಂಬಿದ ಚೀಲ ಸಾಕು. ಅದು ಎಣ್ಣೆ ಕುಡಿಯುತ್ತದೆ, ನೀರು ಕುಡಿಯುವುದಿಲ್ಲ.

ಆದರೆ ಇವುಗಳಲ್ಲಿ ಹೆಚ್ಚಿನವು, ಅಂತರ್ಜಲ ಪರೀಕ್ಷಿಸಲು ನೆಲಕ್ಕೆ ಕೊರೆದು ಇಳಿಸುವ 2 ಅಥವಾ 4 ಇಂಚಿನ ಕೊಳವೆಗಳಿಗೆ ಮಾಡಿದವು. ನಿಮ್ಮ ತೆರೆದ ಬಾವಿಗೆ ಹೀರುವ ಚೀಲಗಳೇ ಸರಿ, ಅದನ್ನೂ ತಿಳಿದವರು ಮೇಲೆ ನಿಂತು ಇಳಿಸಬೇಕು. ತೆಗೆದ ಪೆಟ್ರೋಲನ್ನು ಚರಂಡಿಗೆ ಸುರಿದರೆ ಪಕ್ಕದ ಮನೆಯವರಿಂದ ಇದೇ ಪ್ರಶ್ನೆ ನನಗೆ ಬರುತ್ತದೆ.

ಮುಖ್ಯ ಸಂಗತಿ ಇನ್ನೂ ಇದೆ. ಸ್ಕಿಮ್ಮರ್ ತೆಗೆಯುವುದು ತೇಲುವುದನ್ನು ಮಾತ್ರ. ಕರಗಿದ್ದು ನೀರಲ್ಲೇ ಉಳಿಯುತ್ತದೆ. ನಮ್ಮ ಬಿಎಸ್-6 ಪೆಟ್ರೋಲ್‌ನಲ್ಲಿ ಬೆಂಜೀನ್ ನೂರಕ್ಕೆ 1 ಪಾಲಿನವರೆಗೆ ಇರಬಹುದು, ಅಂದರೆ ಲೀಟರಿಗೆ ಸುಮಾರು 9 ಗ್ರಾಂ. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಲೆಕ್ಕ ಹಾಕಿ. ಒಂದು ಲೀಟರ್ ಪೆಟ್ರೋಲ್‌ನ ಬೆಂಜೀನೆಲ್ಲ ಕರಗಿದರೆ ಸುಮಾರು 9 ಲಕ್ಷ ಲೀಟರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಹಾಗಾಗಿ ಪದರ ಹೋಯಿತು ಅಂತ ಬಿಂದಿಗೆ ಇಳಿಸಬೇಡಿ. ನೀರು ಏರಿದಾಗ ಪದರ ತಾನಾಗಿಯೇ ಮಾಯವಾಗುವುದೂ ಉಂಟು. ಅದು ಮಣ್ಣಿನಲ್ಲಿ ಅಡಗಿ ಕೂತಿರುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಬರುತ್ತದೆ.

ಎಷ್ಟು ದಿನ ಅಡಗಿರುತ್ತದೆ? ಅಮೆರಿಕದ ಮಿನ್ನೆಸೋಟಾದ ಬೆಮಿಜಿ ಊರಿನ ಹತ್ತಿರ 1979ರ ಆಗಸ್ಟ್ 20ರಂದು ಪೈಪ್‌ಲೈನ್ ಒಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾ ತೈಲ ಚೆಲ್ಲಿತು. ಶುದ್ಧೀಕರಣ ಮಾಡಿದ ಮೇಲೂ ಸುಮಾರು 4 ಲಕ್ಷ ಲೀಟರ್ ಉಳಿಯಿತು. ದಶಕಗಳು ಕಳೆದರೂ ನೆಲದಡಿ ಎಣ್ಣೆ ಇದೆ, ವಿಜ್ಞಾನಿಗಳು ಅಲ್ಲೇ ಅಧ್ಯಯನ ಮಾಡುತ್ತಿದ್ದಾರೆ. ನಮ್ಮ ಪಕ್ಕದ ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಮನೆಗಳ ಬೋರ್‌ವೆಲ್‌ಗಳಲ್ಲೇ ಎಣ್ಣೆ ಬಂತು. ಕಾರಣ ನೆಲದಡಿಯ ಪೈಪ್ ಸೋರಿಕೆ.

ಹಾಗಾದರೆ ಮಾಡುವುದೇನು? ಸೋರುವುದು ನಿಲ್ಲದೆ ಯಾವ ಸಾಧನವೂ ಉಪಯೋಗಕ್ಕಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ, ಜಿಲ್ಲಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಬಂಕ್‌ನ ನೆಲದಡಿಯ ಟ್ಯಾಂಕ್, ಪೈಪುಗಳ ಒತ್ತಡ ಪರೀಕ್ಷೆ ಮಾಡಿಸಿ ಅಂತ ಅದರಲ್ಲೇ ಬರೆಯಿರಿ. ನೀರಿನ ಮಾದರಿಯನ್ನು ಗಾಜಿನ ಬಾಟಲಿಯಲ್ಲಿ, ಗಾಳಿಗುಳ್ಳೆ ಬಿಡದೆ ತುಂಬಿ ಕಳಿಸಬೇಕು. ಹಳೇ ಕೋಲಾ ಬಾಟಲಿಯಲ್ಲಿ ತರುತ್ತಾರೆ, ನನಗೆ ಸಿಟ್ಟು ಬರುತ್ತದೆ. ಅಲ್ಲಿಯವರೆಗೆ ಕುಡಿಯಲು, ಅಡುಗೆಗೆ, ಸ್ನಾನಕ್ಕೂ ಬೇರೆ ನೀರು. ಸಾಧನ ಯಾವುದು, ಎಷ್ಟು ಕೊಳವೆ ಕೊರೆಯಬೇಕು, ಇದನ್ನೆಲ್ಲ ಜಾಗ ನೋಡಿದವರು ಹೇಳಲಿ, ಖರ್ಚು ಸೋರಿಸಿದವರು ಕೊಡಲಿ. ನೀವೇಕೆ ತರಿಸಬೇಕು?

ಪ್ರಶ್ನೆ: ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಇದೆ, ವಾಸನೆ ಇಲ್ಲ. ಪೆಟ್ರೋಲೇ?

ಉತ್ತರ: ಒಂದು ಬಟ್ಟಲಿಗೆ ಹಾಕಿ ಕಡ್ಡಿಯಿಂದ ಕದಡಿ. ಪದರ ಒಡೆದು ಚೂರು ಚೂರಾದರೆ ಕಬ್ಬಿಣದ ಬ್ಯಾಕ್ಟೀರಿಯಾ ಇರಬಹುದು. ಮತ್ತೆ ಸೇರಿಕೊಂಡರೆ ಎಣ್ಣೆ, ಮೇಲಿನ ಉತ್ತರ ಓದಿ.

ಪ್ರಶ್ನೆ: ಕುದಿಸಿದರೆ ಪೆಟ್ರೋಲ್ ಹಾರಿಹೋಗುತ್ತದಲ್ವಾ?

ಉತ್ತರ: ಹೌದು, ನಿಮ್ಮ ಅಡುಗೆಮನೆಗೆ. ಒಲೆ ಉರಿಯುತ್ತಿರುವಾಗ.

ಪ್ರಶ್ನೆ: ಬೆಂಕಿಕಡ್ಡಿ ಗೀರಿ ಬಾವಿಗೆ ಹಾಕಿದರೆ ಪೆಟ್ರೋಲ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ ಎನ್ನುತ್ತಾರೆ.

ಉತ್ತರ: ಹೇಳಿದವರ ಹುಬ್ಬು ಇನ್ನೂ ಇದೆಯಾ ನೋಡಿ ಬನ್ನಿ.

ಪ್ರಶ್ನೆ: ನಮ್ಮೂರಿಗೆ ಒಬ್ಬರು ಬಂದು ಬಾವಿಗೆ ಪುಡಿ ಹಾಕಿದರು. ಎಣ್ಣೆ ಪೂರ್ತಿ ಹೋಯಿತು. ಈಗ ಕುಡಿಯಬಹುದಾ?

ಉತ್ತರ: ಎಲ್ಲಿಗೆ ಹೋಯಿತು ಅಂತ ಅವರನ್ನು ಕೇಳಿದಿರಾ? ಸೋಪಿನ ಪುಡಿಯಂಥದ್ದು ಹಾಕಿದರೆ ಪದರ ಒಡೆದು ನೀರಿನಲ್ಲಿ ಬೆರೆಯುತ್ತದೆ. ಮೊದಲು ಚೀಲ ಇಳಿಸಿಯಾದರೂ ತೆಗೆಯಬಹುದಿತ್ತು, ಈಗ ಅದೂ ಆಗುವುದಿಲ್ಲ. ಕುಡಿಯಬೇಡಿ. ಪುಡಿಯ ಪ್ಯಾಕೆಟ್ ಸಿಕ್ಕರೆ ಎತ್ತಿಟ್ಟುಕೊಳ್ಳಿ, ಪ್ರಯೋಗಾಲಯದವರು ಕೇಳುತ್ತಾರೆ.