ಬ್ಲಾಕ್ ಆದ ವೆಬ್‌ಸೈಟ್ ಮತ್ತೆ ತೆರೆಯುವುದೇಕೆ?

ಪ್ರಶ್ನೆ: ನಮ್ಮೂರ ಹುಡುಗರು ದುಡ್ಡು ಕಳೆದುಕೊಂಡ ಬೆಟ್ಟಿಂಗ್ ವೆಬ್‌ಸೈಟ್ ಬ್ಲಾಕ್ ಆಗಿದೆಯಂತೆ. ಮನೆಯ ವೈಫೈನಲ್ಲಿ ತೆರೆಯುವುದಿಲ್ಲ, ಮೊಬೈಲ್ ಡೇಟಾದಲ್ಲಿ ತೆರೆಯುತ್ತದೆ. ಹಾಗಾದರೆ ಬ್ಲಾಕ್ ಮಾಡಿ ಏನು ಬಂತು?
— ಓದುಗರು, ಶ್ರೀನಿವಾಸಪುರ, ಕೋಲಾರ ಜಿಲ್ಲೆ

ಉತ್ತರ: ಹೊಸಬರು ಅಕಸ್ಮಾತ್ ಹೋಗಿ ಬೀಳುವುದು ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಬ್ಲಾಕ್ ಆದರೂ ವೆಬ್‌ಸೈಟ್ ತನ್ನ ಸರ್ವರ್‌ನಲ್ಲಿ ಹಾಗೇ ಇರುತ್ತದೆ. ಇಂಟರ್ನೆಟ್ ಕಂಪನಿಗಳು ದಾರಿ ಮುಚ್ಚುತ್ತವೆ, ಅಷ್ಟೆ. ಮುಚ್ಚುವ ಬಗೆ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರು ಡಿಎನ್‌ಎಸ್‌ನಲ್ಲಿ, ಅಂದರೆ ವೆಬ್‌ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಕಡೆ, ತಪ್ಪು ಉತ್ತರ ಕೊಡುತ್ತಾರೆ. ಫೋನಿನಲ್ಲಿ ಬೇರೆ ಡಿಎನ್‌ಎಸ್ ಇದ್ದರೆ ಈ ತಡೆ ಸಾಮಾನ್ಯವಾಗಿ ತಟ್ಟುವುದಿಲ್ಲ. ಇನ್ನು ಕೆಲವರು ಸಂಪರ್ಕದ ಆರಂಭದಲ್ಲಿ ಬಯಲಾಗಿ ಹೋಗುವ ವೆಬ್‌ಸೈಟಿನ ಹೆಸರು ನೋಡಿ ಕಡಿದುಹಾಕುತ್ತಾರೆ. ಇದು ಗಟ್ಟಿ, ಆದರೂ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಗುಟ್ಟಾಗಿ ಒಯ್ಯುವ ವಿಪಿಎನ್ ಇದನ್ನೂ ದಾಟುತ್ತದೆ.

ಅತಿಯಾದರೆ ಅನ್ಯಾಯವೂ ಆಗುತ್ತದೆ. 2014ರ ಡಿಸೆಂಬರಿನಲ್ಲಿ ಭಯೋತ್ಪಾದಕರ ಬರಹಗಳಿವೆಯೆಂದು ಕೇಂದ್ರ ಸರ್ಕಾರ ಸಾಫ್ಟ್‌ವೇರ್ ಕೋಡ್ ಇಡುವ ಗಿಟ್‌ಹಬ್, ವಿಡಿಯೊ ತಾಣ ವಿಮಿಯೋ ಸೇರಿ 32 ತಾಣಗಳನ್ನು ಬ್ಲಾಕ್ ಮಾಡಿಸಿತು. ಅವುಗಳನ್ನೇ ನಂಬಿ ಕೆಲಸ ಮಾಡುತ್ತಿದ್ದ ಸಾಫ್ಟ್‌ವೇರ್‌ನವರಿಗೆ ತೊಂದರೆಯಾಯಿತು.

ಬೆಟ್ಟಿಂಗ್‌ನವರು ಹಳೆ ಹೆಸರಿಗೆ ಒಂದು ಅಂಕಿ ಅಂಟಿಸಿ ಹೊಸ ಡೊಮೇನ್ ಕೊಳ್ಳುತ್ತಾರೆ. ಕೆಲವು ನೂರು ರೂಪಾಯಿ ಸಾಕು. ಹೊಸ ಲಿಂಕ್ ಟೆಲಿಗ್ರಾಂ ಗುಂಪಿಗೆ ಬರುತ್ತದೆ. ಆದರೆ ದುಡ್ಡು ಬಂದು ಬೀಳಲು ಯಾರದ್ದೋ ಹೆಸರಿನ ಬ್ಯಾಂಕ್ ಖಾತೆ ಬೇಕೇ ಬೇಕು, ಅದು ಅಷ್ಟು ಸಲೀಸಾಗಿ ಸಿಗುವುದಿಲ್ಲ. ಹೊಡೆತ ಬೀಳಬೇಕಾದದ್ದು ಅಲ್ಲಿಗೆ.

ಹಾಗಾಗಿ ದೂರಿನಲ್ಲಿ ವೆಬ್‌ಸೈಟಿನ ಹೆಸರಷ್ಟೇ ಬರೆದರೆ ಸಾಲದು. ಹಲವು ತಾಣಗಳು ದುಡ್ಡು ಹಾಕುವಾಗಲೆಲ್ಲ ಬೇರೆ ಯುಪಿಐ ಐಡಿ ತೋರಿಸುತ್ತವೆ. ಕಂಡ ಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಫೋನಿನ ಬ್ರೌಸರ್ ಪೂರ್ತಿ ವಿಳಾಸ ತೋರಿಸುವುದಿಲ್ಲ, ವಿಳಾಸ ಕಾಣುವ ಜಾಗ ಒತ್ತಿ ಕಾಪಿ ಮಾಡಿಕೊಳ್ಳಿ. ಹಳೆ ಲಿಂಕ್ ಹೊಸದಕ್ಕೆ ಒಯ್ದರೆ ಎರಡೂ ಬೇಕು. ಜೊತೆಗೆ ಯುಪಿಐ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ಸಂಖ್ಯೆ, ದಿನಾಂಕ, ಸಮಯ. ಮೋಸದಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲೇ ಬ್ಯಾಂಕ್ ತಡೆಹಿಡಿಯಬೇಕು. ಆಮೇಲೆ ಇದೇ ದಾಖಲೆಗಳೊಂದಿಗೆ ಕೋಲಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ.

ಪ್ರಶ್ನೆ: ಮಕ್ಕಳ ಅಶ್ಲೀಲ ವಿಡಿಯೊ ಇರುವ ಲಿಂಕ್ ಗುಂಪಿಗೆ ಬಂದಿದೆ. ಸಾಕ್ಷಿಗೆ ಇಟ್ಟುಕೊಳ್ಳಲೇ?
— ಓದುಗರು, ತಿಪಟೂರು

ಉತ್ತರ: ಖಂಡಿತ ಬೇಡ. ಅದನ್ನು ಡೌನ್‌ಲೋಡ್ ಮಾಡುವುದು, ಹಂಚುವುದು ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಎಚ್ಚರಿಸಲೆಂದು ಕೂಡ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಲಿಂಕ್, ಗುಂಪಿನ ಹೆಸರು, ಕಳಿಸಿದವರ ನಂಬರ್ ಬರೆದುಕೊಂಡು ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲಿ ದೂರು ಕೊಡಿ. ಇಂಥ ದೂರಿಗೆ ನಿಮ್ಮ ಹೆಸರು ಹೇಳಬೇಕಾಗಿಲ್ಲ.