ಕೈಯಿಂದಲೇ ಸಿಂಗಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮುಂದಿನ ತಿಂಗಳು ನನ್ನ ಮಗನಿಗೆ ಆರು ವರ್ಷ ತುಂಬುತ್ತದೆ. ಹುಟ್ಟುಹಬ್ಬಕ್ಕೆ ‘ಕಾಡು’ ಎಂಬ ಥೀಮನ್ನು ಅವನೇ ಆರಿಸಿಕೊಂಡಿದ್ದಾನೆ. ಇಪ್ಪತ್ತೈದು ಮಕ್ಕಳು ಬರಬಹುದು. ಅಲಂಕಾರ ಮಾಡಿಕೊಡುವವರು ಹೇಳಿದ ಮೊತ್ತ ನಮ್ಮ ಮನೆಯ ತಿಂಗಳ ದಿನಸಿಯನ್ನೂ ಮೀರುತ್ತದೆ. ಆಮಂತ್ರಣ, ಅಲಂಕಾರ ಎರಡನ್ನೂ ಮನೆಯಲ್ಲೇ ಮಾಡಬಹುದೇ? ನನಗೆ ಚಿತ್ರ ಬರೆಯಲು ಬಾರದು.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಖಂಡಿತವಾಗಿ ಮಾಡಬಹುದು. ಚಿತ್ರ ಬರೆಯಲು ಬಾರದೆಂಬ ಚಿಂತೆಯನ್ನು ಮೊದಲು ಬಿಡಿ, ಏಕೆಂದರೆ ಕಾಡು ಎಂಬ ಥೀಮಿಗೆ ಚಿತ್ರಕ್ಕಿಂತ ಅಚ್ಚು ಹೆಚ್ಚು ಒಪ್ಪುತ್ತದೆ. ಅಂಗಡಿಯಲ್ಲಿ ಸಿಗುವ ‘ಜಂಗಲ್’ ಸಾಮಗ್ರಿಗಳಲ್ಲಿ ಜಿರಾಫೆ, ಜೀಬ್ರಾ, ಸಿಂಹಗಳೇ ತುಂಬಿರುತ್ತವೆ. ಇವು ಯಾವುವೂ ನಮ್ಮ ಕಾಡಿನವಲ್ಲ. ಬಂಡೀಪುರ, ನಾಗರಹೊಳೆಗಳ ಆನೆ ಮತ್ತು ಹುಲಿ, ಪಶ್ಚಿಮಘಟ್ಟದ ಕೆಂದಳಿಲು, ದಾಂಡೇಲಿಯ ಮಂಗಟ್ಟೆ ಹಕ್ಕಿ, ನಮ್ಮ ರಾಜ್ಯಪಕ್ಷಿಯಾದ ನೀಲಕಂಠ – ಇಷ್ಟನ್ನು ಇಟ್ಟುಕೊಂಡರೆ ಮಗುವಿಗೆ ತನ್ನ ನಾಡಿನ ಕಾಡು ಸಿಗುತ್ತದೆ, ನಿಮಗೂ ಕೊಳ್ಳುವ ಪಟ್ಟಿ ಚಿಕ್ಕದಾಗುತ್ತದೆ. ಬಣ್ಣಗಳನ್ನೂ ಮೂರಕ್ಕೆ ನಿಲ್ಲಿಸಿ: ಹಸಿರು, ಮಣ್ಣಿನ ಕಂದು, ಅಲ್ಲಲ್ಲಿ ಹಳದಿ. ಮನೆಯಲ್ಲಿ ಮಾಡಿದ ಅಲಂಕಾರ ಹರಕುಮುರುಕಾಗಿ ಕಾಣುವುದು ಕೈ ನಯವಿಲ್ಲದ್ದರಿಂದಲ್ಲ, ಬಣ್ಣಗಳು ಹತ್ತಾರಾಗುವುದರಿಂದ.

ಆಮಂತ್ರಣದಿಂದ ಆರಂಭಿಸೋಣ. 200 ಜಿಎಸ್‌ಎಂ ದಪ್ಪದ (ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವ) ಎ4 ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಕತ್ತರಿಸಿದರೆ 105 × 148 ಮಿಲಿಮೀಟರ್ ಅಳತೆಯ ನಾಲ್ಕು ಕಾರ್ಡುಗಳಾಗುತ್ತವೆ. ಏಳು ಹಾಳೆಗೆ 28 ಕಾರ್ಡು. ಕೆಟ್ಟು ಹೋಗುವುದಕ್ಕೆಂದು ಮೂರು ಹೆಚ್ಚುವರಿ. ಒಂದು ಬದಿಯಲ್ಲಿ ಅರಳಿ ಎಲೆಯ ಅಚ್ಚು ಒತ್ತಿರಿ. ಎಲೆಯ ನರಗಳು ಎದ್ದು ಕಾಣುವ ಹಿಂಬದಿಗೆ ಪೋಸ್ಟರ್ ಬಣ್ಣವನ್ನು ತೆಳುವಾಗಿ ಹಚ್ಚಿ, ಕಾರ್ಡಿನ ಮೇಲೆ ಬೋರಲಾಗಿಟ್ಟು, ಮೇಲೊಂದು ಹಳೆಯ ಕಾಗದ ಇಟ್ಟು ಅಂಗೈಯಿಂದ ಒತ್ತಿದರೆ ಸಾಕು. ಬಣ್ಣಕ್ಕೆ ನೀರು ಹೆಚ್ಚಾದರೆ ನರಗಳ ಗೆರೆ ಕಲಸಿಹೋಗುತ್ತದೆ. ಮಜ್ಜಿಗೆಯಷ್ಟು ತೆಳ್ಳಗಾಗದೆ ಮೊಸರಿನಷ್ಟು ಗಟ್ಟಿಯಾಗಿರಲಿ. ಇನ್ನೊಂದು ಬದಿಯ ಅಂಚಿನಲ್ಲಿ ಮಗನ ಕೈಯಿಂದಲೇ ಹುಲಿಯ ಹೆಜ್ಜೆ ಮೂಡಿಸಿ: ಹೆಬ್ಬೆರಳಿನ ಒಂದು ಅಚ್ಚು, ಅದರ ಮುಂದೆ ಕಿರುಬೆರಳಿನ ನಾಲ್ಕು ಅಚ್ಚು. ನಡೆಯುವಾಗ ಹುಲಿ ತನ್ನ ಉಗುರುಗಳನ್ನು ಒಳಗೆಳೆದುಕೊಂಡಿರುವುದರಿಂದ ಅದರ ಹೆಜ್ಜೆಯಲ್ಲಿ ಉಗುರಿನ ಗುರುತು ಇರುವುದಿಲ್ಲ. ನಾಯಿಯ ಹೆಜ್ಜೆಯಲ್ಲಿ ಇರುತ್ತದೆ. ಇದನ್ನು ಮಗನಿಗೆ ಹೇಳಿಕೊಡಿ. ಬಂದ ಗೆಳೆಯರಿಗೆಲ್ಲ ಅವನು ಅದನ್ನೇ ಹೇಳುತ್ತಾನೆ.

ಕಾರ್ಡಿನಲ್ಲಿ ದಿನ, ಸ್ಥಳ, ಮೊಬೈಲ್ ಸಂಖ್ಯೆಗಳ ಜೊತೆಗೆ ಕಾರ್ಯಕ್ರಮ ಮುಗಿಯುವ ಹೊತ್ತನ್ನೂ ತಪ್ಪದೆ ಬರೆಯಿರಿ; ಮಕ್ಕಳನ್ನು ಕರೆದೊಯ್ಯಲು ಬರುವ ತಂದೆತಾಯಿಯರಿಗೆ ಅದು ಬೇಕಾದ ವಿವರ. ಉಳಿದದ್ದನ್ನು ಜೆರಾಕ್ಸ್ ಮಾಡಿಸಿದರೂ ಕರೆಯುವ ಮಗುವಿನ ಹೆಸರನ್ನು ಮಾತ್ರ ಕೈಯಲ್ಲಿ ಬರೆಯಿರಿ. ಆರು ವರ್ಷದ ಮಗುವಿಗೆ ತನ್ನ ಹೆಸರಿಗೆ ಬಂದ ಕಾಗದ ಬಹು ದೊಡ್ಡ ವಿಷಯ.

ಇನ್ನು ಅಲಂಕಾರ. ಇಡೀ ಮನೆಯನ್ನು ಸಿಂಗರಿಸಲು ಹೋಗಬೇಡಿ. ಬಾಗಿಲು, ಕೇಕ್ ಇಡುವ ಮೇಜಿನ ಹಿಂದಿನ ಗೋಡೆ, ಬಾಗಿಲಿನಿಂದ ಆ ಮೇಜಿನವರೆಗಿನ ನೆಲ – ಈ ಮೂರು ಕಡೆಗಳಲ್ಲಿ ನಿಮ್ಮ ಶ್ರಮವನ್ನೆಲ್ಲ ಇಟ್ಟು ಉಳಿದುದನ್ನು ಹಾಗೆಯೇ ಬಿಡಿ. ಬಾಗಿಲಿಗೆ ಮಾವಿನ ತೋರಣ ಹೇಗೂ ಇರುತ್ತದೆ. ಕಾಡಿಗೆ ಅದಕ್ಕಿಂತ ಒಪ್ಪುವ ಅಲಂಕಾರ ಬೇರೆಯಿಲ್ಲ. ಗೋಡೆಗೆ ಬಳ್ಳಿಗಳು ಬೇಕು. 22 × 28 ಅಂಗುಲದ ಒಂದು ಹಸಿರು ಚಾರ್ಟ್ ಹಾಳೆಯಲ್ಲಿ 4 × 7 ಅಂಗುಲದ ಇಪ್ಪತ್ತು ಎಲೆಗಳನ್ನು ಕತ್ತರಿಸಬಹುದು. ಪ್ರತಿ ಎಲೆಯನ್ನೂ ನಡುವೆ ಮಡಚಿ ಬಿಚ್ಚಿದರೆ ನರದ ಗೆರೆ ಮೂಡಿ ಎಲೆ ತುಸು ಎದ್ದು ನಿಲ್ಲುತ್ತದೆ. ಮೂರು ಹಾಳೆಯ ಅರವತ್ತು ಎಲೆಗಳನ್ನು ಅರ್ಧ ಅಡಿಗೊಂದರಂತೆ ಗೋಣಿದಾರಕ್ಕೆ ಹೊಲಿದರೆ ಮೂವತ್ತು ಅಡಿ ಬಳ್ಳಿಯಾಯಿತು. ಎಲ್ಲ ಎಲೆಗಳೂ ಒಂದೇ ಹಸಿರಾಗಿದ್ದರೆ ಅಂಗಡಿಯ ಸಾಮಾನಿನಂತೆ ಕಾಣುತ್ತದೆ. ಶಾಲಾಪುಸ್ತಕಕ್ಕೆ ಹಾಕುವ ಖಾಕಿ ಹೊದಿಕೆ ಕಾಗದದಲ್ಲಿ ಹತ್ತು ಒಣ ಎಲೆಗಳನ್ನೂ ಕತ್ತರಿಸಿ ನಡುನಡುವೆ ಸೇರಿಸಿ. ಬಳ್ಳಿಯನ್ನು ಗೋಡೆಗೆ ಅಂಟಿಸಬೇಡಿ, ಟೇಪ್ ಕಿತ್ತಾಗ ಸುಣ್ಣಬಣ್ಣವೂ ಕಿತ್ತುಬರುತ್ತದೆ. ಎರಡು ಮೊಳೆಗಳ ನಡುವೆ ಒಂದು ದಾರ ಬಿಗಿದು ಅದರಿಂದ ಇಳಿಬಿಡಿ.

ನೆಲಕ್ಕೆ ಆನೆಯ ಹೆಜ್ಜೆ. ಹಳೆಯ ರಟ್ಟಿನಲ್ಲಿ ಊಟದ ತಟ್ಟೆಯಷ್ಟು ದೊಡ್ಡ ದುಂಡಗಿನ ರಂಧ್ರ, ಅದರ ಮುಂದೆ ಬೆರಳಗಲ ಬಿಟ್ಟು ಉಗುರುಗಳಿಗಾಗಿ ಐದು ಚಿಕ್ಕ ಅರ್ಧಚಂದ್ರಗಳನ್ನು ಕತ್ತರಿಸಿಕೊಳ್ಳಿ. ರಟ್ಟನ್ನು ನೆಲದ ಮೇಲಿಟ್ಟು, ಚಹಾ ಸೋಸುವ ಜರಡಿಯಿಂದ ರಂಗೋಲಿ ಪುಡಿಯನ್ನು ಉದುರಿಸಿ ಮೇಲೆತ್ತಿದರೆ ಹೆಜ್ಜೆ ಮೂಡಿರುತ್ತದೆ. ಬಾಗಿಲಿನಿಂದ ಮೇಜಿನವರೆಗೆ ಇಪ್ಪತ್ತು ಹೆಜ್ಜೆಗೆ ಅರ್ಧ ಗಂಟೆಯೂ ಬೇಡ. ಗೋಕುಲಾಷ್ಟಮಿಗೆ ಕೃಷ್ಣನ ಪಾದಗಳನ್ನು ಬರೆದ ಕೈಗೆ ಇದು ಹೊಸತೇನೂ ಅಲ್ಲ.

ನಿಮ್ಮ ಜಿಲ್ಲೆಯ ಚನ್ನಗಿರಿ ಅಡಿಕೆಯ ಸೀಮೆ, ಹಾಳೆತಟ್ಟೆಗಳು ಸುಲಭವಾಗಿ ದೊರೆಯುತ್ತವೆ. ಇಪ್ಪತ್ತೈದು ಚಿಕ್ಕ ತಟ್ಟೆಗಳಿಗೆ ಕಣ್ಣಿನ ರಂಧ್ರಗಳನ್ನು ಮೊದಲೇ ಕೊರೆದಿಟ್ಟು, ಬಣ್ಣ ಮತ್ತು ಕುಂಚಗಳನ್ನು ಮಕ್ಕಳ ಮುಂದಿಡಿ. ಹುಲಿಯ, ಆನೆಯ ಮುಖವಾಡವನ್ನು ಅವರೇ ಮಾಡಿಕೊಳ್ಳುತ್ತಾರೆ. ಆಟವೂ ಆಯಿತು, ಮನೆಗೆ ಒಯ್ಯುವ ಉಡುಗೊರೆಯೂ ಆಯಿತು. ಹಾಳೆಯನ್ನು ಕೊರೆಯುವ ಮುನ್ನ ಹತ್ತು ನಿಮಿಷ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಸೀಳುವುದಿಲ್ಲ.

ಪ್ರಶ್ನೆ: ನಾವು ಜರ್ಮನಿಯ ಒಂದು ಊರಿನಲ್ಲಿ ಸುಮಾರು ನಲವತ್ತು ಕನ್ನಡ ಕುಟುಂಬಗಳು ಸೇರಿ ರಾಜ್ಯೋತ್ಸವ ಆಚರಿಸುತ್ತೇವೆ. ಸಭಾಂಗಣ ನಮ್ಮ ಕೈಗೆ ಸಿಗುವುದು ಕಾರ್ಯಕ್ರಮಕ್ಕೆ ಎರಡು ಗಂಟೆ ಮೊದಲು. ಪ್ರತಿ ವರ್ಷ ಹಳದಿ ಕೆಂಪು ಬಲೂನುಗಳೇ ಆಗಿವೆ. ಬೇರೆ ಏನು ಮಾಡಬಹುದು?
– ಕನ್ನಡ ಕೂಟದ ಸದಸ್ಯರು

ಉತ್ತರ: ನಿಮ್ಮ ಪ್ರಶ್ನೆ ನನಗೆ ಬಹಳ ಪ್ರಿಯವಾಯಿತು, ಏಕೆಂದರೆ ನಿಮ್ಮ ಬಳಿ ಕಡಿಮೆ ಇರುವುದು ಸಮಯ, ಹೆಚ್ಚು ಇರುವುದು ಕೈಗಳು. ಆಮಂತ್ರಣವನ್ನೇ ಅಲಂಕಾರವಾಗಿಸಿಕೊಳ್ಳಿ. ಹೇಗೆಂದರೆ, ನಮ್ಮ ವರ್ಣಮಾಲೆಯಲ್ಲಿ ಹದಿಮೂರು ಸ್ವರ, ಎರಡು ಯೋಗವಾಹ, ಮೂವತ್ತನಾಲ್ಕು ವ್ಯಂಜನ ಸೇರಿ 49 ಅಕ್ಷರಗಳಿವೆ. ತಿಂಗಳ ಮೊದಲೇ ಪ್ರತಿ ಕುಟುಂಬಕ್ಕೂ ಅಂಚೆಯಲ್ಲಿ ಎ5 ಅಳತೆಯ ಒಂದು ಹಳದಿ ಕಾರ್ಡನ್ನು ಕಳುಹಿಸಿ. ಹಿಂಬದಿಯಲ್ಲಿ ಕರೆಯೋಲೆ, ಮುಂಬದಿಯಲ್ಲಿ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಒಂದೇ ಅಕ್ಷರ, ಅದರ ಸುತ್ತ ಖಾಲಿ ಜಾಗ. ಆ ಅಕ್ಷರದಿಂದ ಆರಂಭವಾಗುವ ಅಥವಾ ಆ ಅಕ್ಷರವುಳ್ಳ ಒಂದು ವಸ್ತುವಿನ ಚಿತ್ರವನ್ನು ಮನೆಯ ಮಕ್ಕಳು ಬರೆದು, ಆ ದಿನ ಕಾರ್ಡನ್ನು ತರಬೇಕೆಂದು ಕೋರಿ. ‘ಳ’ ಬಂದ ಮನೆಯವರು ಬಾಳೆಯನ್ನೋ ಹಲಸಿನ ತೊಳೆಯನ್ನೋ ಬರೆದು ತರಲಿ. ‘ಙ’, ‘ಞ’ಗಳೂ ಸೇರಿದಂತೆ ಹೆಚ್ಚುಳಿದ ಒಂಬತ್ತು ಅಕ್ಷರಗಳನ್ನು ಕೂಟದ ಹಿರಿಯರಿಗೆ ವಹಿಸಿ. ಕಾರ್ಡಿನ ಅಗಲ 148 ಮಿಲಿಮೀಟರ್, ನಡುವೆ ಐದು ಸೆಂಟಿಮೀಟರ್ ಬಿಟ್ಟರೆ ಹತ್ತು ಮೀಟರ್ ದಾರಕ್ಕೆ ಎಲ್ಲವೂ ಹಿಡಿಯುತ್ತವೆ. ಬಾಗಿಲಲ್ಲಿ ಮರದ ಬಟ್ಟೆಕ್ಲಿಪ್ಪುಗಳ ಬುಟ್ಟಿ ಇಟ್ಟುಕೊಂಡು, ಬಂದಂತೆಲ್ಲ ಮಕ್ಕಳೇ ತಮ್ಮ ಅಕ್ಷರವನ್ನು ಅದರದರ ಜಾಗಕ್ಕೆ ಸಿಕ್ಕಿಸಲಿ. ಅಕ್ಷರಮಾಲೆ ಎಂಬ ಮಾತು ಆ ಸಭಾಂಗಣದಲ್ಲಿ ನಿಜವಾದ ಮಾಲೆಯಾಗುತ್ತದೆ. ಗೈರಾದವರ ಅಕ್ಷರಗಳಿಗಾಗಿ ಖಾಲಿ ಕಾರ್ಡುಗಳ ಒಂದು ಕಟ್ಟು ಜೊತೆಗಿರಲಿ.

ವೇದಿಕೆಯ ಹಿಂಬದಿಗೆ ಹಸೆ ಚಿತ್ತಾರವನ್ನು ಸೂಚಿಸುತ್ತೇನೆ. ಶಿವಮೊಗ್ಗ, ಉತ್ತರ ಕನ್ನಡಗಳ ದೀವರು ಸಮುದಾಯದವರ ಮನೆಗಳಲ್ಲಿ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಿಂದ ಬರೆಯುವ ಕಲೆ ಇದು. ನೇರ ಗೆರೆಗಳೇ ಅದರ ಜೀವಾಳವಾದ್ದರಿಂದ ಅಳತೆಪಟ್ಟಿ ಹಿಡಿಯಬಲ್ಲ ಯಾರಾದರೂ ಕಂದು ಕಟ್ಟುಕಾಗದದ ಸುರುಳಿಯ ಮೇಲೆ ಬಿಳಿ ಬಣ್ಣದಿಂದ ಅದರ ಅಂಚುಗಳನ್ನು ಅಭ್ಯಾಸ ಮಾಡಬಹುದು. ಮನೆಯಲ್ಲೇ ಬರೆದು, ಸುತ್ತಿಕೊಂಡು ಹೋಗಿ ಬಿಚ್ಚಿದರಾಯಿತು. ಆದರೆ ಅದು ಯಾರ ಕಲೆಯೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲೇ ಹಚ್ಚಿ. ಈ ಒಂದು ಚೀಟಿಯನ್ನು ಯಾವ ಕಾರಣಕ್ಕೂ ಬಿಡಬಾರದೆಂದು ನನ್ನ ಕಳಕಳಿಯ ವಿನಂತಿ.

ಕನ್ನಡ ಅಕ್ಷರಗಳನ್ನು ರಟ್ಟಿನಲ್ಲಿ ಕೊರೆದು ಅಚ್ಚುಹಾಳೆ ಮಾಡುವವರಿಗೆ ಒಂದು ಮಾತು. ‘ರ’, ‘ಠ’, ‘ಥ’ಗಳಂತಹ ಅಕ್ಷರಗಳ ಒಳಗಿನ ಸುತ್ತು ಕತ್ತರಿಸಿದೊಡನೆ ಕಳಚಿ ಬೀಳುತ್ತದೆ, ಎರಡು ಕಡೆ ಬೆಂಕಿಕಡ್ಡಿಯಷ್ಟು ಅಗಲದ ಸೇತುವೆಯನ್ನು ಉಳಿಸಿಕೊಂಡು ಕೊರೆಯಿರಿ. ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ ಎಂಬುದನ್ನು ತೂಗುಹಾಕುವ ಸ್ವಯಂಸೇವಕರಿಗೆ ಮೊದಲೇ ತಿಳಿಸಿಡಿ.

ಪ್ರಶ್ನೆ: ನಮ್ಮ ತಂದೆಯವರು ನಿವೃತ್ತ ಶಿಕ್ಷಕರು. ಜೂನ್ ಕೊನೆಯಲ್ಲಿ ಅವರ ಅರವತ್ತರ ಸಮಾರಂಭವನ್ನು ಮನೆಯಂಗಳದ ಚಪ್ಪರದಲ್ಲಿ ‘ಹಳೆಯ ಶಾಲೆ’ ಎಂಬ ಥೀಮಿನಲ್ಲಿ ಮಾಡುವ ಆಸೆ. ಮಳೆಯಲ್ಲಿ ಕಾಗದದ ಅಲಂಕಾರ ಉಳಿಯುವುದೇ?
– ಓದುಗರು, ಉಡುಪಿ

ಉತ್ತರ: ಉಳಿಯುವುದಿಲ್ಲ. ಕ್ರೇಪ್ ಕಾಗದವಂತೂ ಕರಾವಳಿಯ ಜೂನ್ ಗಾಳಿಗೆ ಒಂದೇ ರಾತ್ರಿಯಲ್ಲಿ ಜೋತುಬಿದ್ದು, ಹನಿ ತಗುಲಿದಲ್ಲಿ ಬಣ್ಣ ಬಿಟ್ಟು, ಬಂದವರ ಬಿಳಿ ಪಂಚೆಗಳಿಗೂ ಅಂಟುತ್ತದೆ. ಮೈದಾ ಅಂಟಿನಿಂದ ಜೋಡಿಸಿದ್ದು ಬೂಸ್ಟು ಹಿಡಿಯುತ್ತದೆ. ಹಿಂದೆ ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳು ಓಡಾಡುವ ಮನೆಯಲ್ಲಿ ಬೇಡ. ಸೂಜಿದಾರದಿಂದ ಹೊಲಿಯುವುದೇ ಲೇಸು.

ಚಪ್ಪರಕ್ಕೆ ಅಟ್ಟದಲ್ಲಿರುವ ಹಳೆಯ ಹತ್ತಿಸೀರೆಗಳು ಮತ್ತು ತೆಂಗಿನ ಗರಿ ಸಾಕು. ಗರಿಯಲ್ಲಿ ಗಿಳಿ, ಚೆಂಡು, ಗಿರಗಿಟ್ಟಲೆ ಹೆಣೆಯಬಲ್ಲ ಹಿರಿಯರೊಬ್ಬರು ನಿಮ್ಮ ನೆರೆಯಲ್ಲಿ ಇದ್ದೇ ಇರುತ್ತಾರೆ. ಹಿಂದಿನ ಸಂಜೆ ಅವರನ್ನು ಮಕ್ಕಳ ನಡುವೆ ಕೂರಿಸಿ; ಹೆಣೆದವುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮರುದಿನಕ್ಕೂ ಹಸಿರಾಗಿರುತ್ತವೆ. ಸ್ವಾಗತಕ್ಕೆ, ಊಟದ ಪಟ್ಟಿಗೆ ನಿಜವಾದ ಸ್ಲೇಟುಗಳನ್ನೇ ಬಳಸಿ. ಶಾಲೆಯ ಹಳೆಯ ಕೈಗಂಟೆಯಂತಹುದು ಸಿಕ್ಕರೆ ಊಟಕ್ಕೆ ಕರೆಯಲು ಅದನ್ನೇ ಬಾರಿಸಿ.

ಆಮಂತ್ರಣಕ್ಕೆ ನಾಲ್ಕು ಗೆರೆಯ ಕಾಪಿ ಪುಸ್ತಕದ ಹಾಳೆಯೇ ಇರಲಿ, ಆದರೆ ಒಕ್ಕಣೆಯನ್ನು ತಂದೆಯವರ ಕೈಯಿಂದ ಬರೆಸಿ. ಬೋರ್ಡಿನ ಮೇಲೆ ಅಷ್ಟು ವರ್ಷ ದುಂಡಗೆ ಬರೆದ ಅಕ್ಷರ ಅದು, ಶಿಷ್ಯರು ಲಕೋಟೆ ಬಿಚ್ಚಿದ ಕೂಡಲೇ ಗುರುತು ಹಿಡಿಯುತ್ತಾರೆ. ಒಂದು ಪ್ರತಿ ಬರೆದುಕೊಟ್ಟರೆ ಉಳಿದವನ್ನು ಜೆರಾಕ್ಸ್ ಮಾಡಿಸಿ, ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚಿ. ಸಮಾರಂಭ ಅವರಿಗೆ ಅಚ್ಚರಿಯಾಗಿರಲಿ ಎಂದು ನೀವು ಮುಚ್ಚಿಟ್ಟಿದ್ದರೆ, ಅವರ ಹಳೆಯ ಪತ್ರವೊಂದರಿಂದ ‘ಕ್ಷೇಮ’ ಎಂಬ ಒಂದು ಪದವನ್ನಾದರೂ ತೆಗೆದು ಮೇಲೆ ಅಚ್ಚುಹಾಕಿಸಿ.

ಪ್ರಶ್ನೆ: ಥರ್ಮಾಕೋಲಿನಲ್ಲಿ ಹೆಸರು ಕತ್ತರಿಸಿ ಗೋಡೆಗೆ ಹಚ್ಚುವುದು ಅಗ್ಗವಲ್ಲವೇ? ಬೇಡ ಎನ್ನುವುದೇಕೆ?
– ಓದುಗರು, ಹಾಸನ

ಉತ್ತರ: ಅಗ್ಗವೇನೋ ಹೌದು, ಆದರೆ ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟ, ಆಮಂತ್ರಣ ಪತ್ರಿಕೆಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ ಇವೂ ಅದೇ ಪಟ್ಟಿಯಲ್ಲಿವೆ. ನಮ್ಮ ರಾಜ್ಯವಂತೂ 2016ರಲ್ಲೇ ಪ್ಲಾಸ್ಟಿಕ್ ತೋರಣ, ಫ್ಲೆಕ್ಸ್‌ಗಳನ್ನು ನಿಷೇಧಿಸಿತ್ತು. ದಿನಸಿ ಅಂಗಡಿಯಲ್ಲಿ ಬಿಸಾಡುವ ರಟ್ಟಿನ ಪೆಟ್ಟಿಗೆಯಿಂದ ಅದೇ ಅಕ್ಷರಗಳನ್ನು ಕತ್ತರಿಸಿ, ಮೇಲೆ ಹಳೆಯ ಸೀರೆಯ ಅಂಚನ್ನು ಹೊದಿಸಿ. ರಟ್ಟಿನ ಒಳಗಿನ ಅಲೆಗೆರೆಗಳು ಮೇಲಿನಿಂದ ಕೆಳಕ್ಕೆ ಬರುವಂತೆ ಇಟ್ಟುಕೊಂಡು ಕತ್ತರಿಸಿದರೆ ಅಕ್ಷರ ಬಾಗದೆ ನಿಲ್ಲುತ್ತದೆ.

ಪ್ರಶ್ನೆ: ಮಗಳ ನಾಮಕರಣಕ್ಕೆ ಬೀಜದ ಕಾಗದದಲ್ಲಿ ಆಮಂತ್ರಣ ಮಾಡಲು ಹೋದೆ. ಕಾಗದ ಒಣಗುವ ಮೊದಲೇ ಬೀಜಗಳು ಮೊಳೆತುಬಿಟ್ಟವು. ತಪ್ಪು ಎಲ್ಲಿ?
– ಓದುಗರು, ಶಿರಸಿ

ಉತ್ತರ: ನೀವು ಬೀಜಗಳನ್ನು ತಿರುಳಿನ ನೀರಿನಲ್ಲೇ ಬೆರೆಸಿ ನೆನೆಯಲು ಬಿಟ್ಟಿರಬೇಕು, ಅಥವಾ ಹಾಳೆ ಬಹಳ ದಪ್ಪವಾಗಿ ಒಣಗಲು ಎರಡು ಮೂರು ದಿನ ಹಿಡಿದಿರಬೇಕು. ಹಳೆಯ ಕಾಗದವನ್ನು ರಾತ್ರಿ ನೆನೆಸಿ, ರುಬ್ಬಿ, ಜರಡಿಯ ಮೇಲೆ ತೆಳುವಾಗಿ ಹರಡಿ, ನೀರು ಪೂರ್ತಿ ಬಸಿದ ಮೇಲೆ ಹತ್ತಿಬಟ್ಟೆಯಿಂದ ಒತ್ತಿ ತೇವವನ್ನು ಹೀರಿಸಿ. ಬೀಜವನ್ನು ಆಗ ಮಾತ್ರ ಉದುರಿಸಿ ಬೆರಳಿನಿಂದ ಮೃದುವಾಗಿ ಒತ್ತಬೇಕು. ಹರಿವೆ, ತುಳಸಿಯಂತಹ ಸಣ್ಣ ಬೀಜಗಳೇ ಆಗಬೇಕು. ಕೊತ್ತಂಬರಿಯಂತಹ ದಪ್ಪ ಬೀಜ ಇದ್ದರೆ ಕಾಗದದ ಮೇಲೆ ಬರೆಯಲಾಗುವುದಿಲ್ಲ. ನೆರಳಿನಲ್ಲಿ, ಫ್ಯಾನಿನ ಕೆಳಗೆ ಒಂದೇ ದಿನದಲ್ಲಿ ಒಣಗಬೇಕು. ನಿಮ್ಮ ಕಡೆ ಮಳೆಗಾಲದಲ್ಲಿ ಇದು ಆಗದ ಕೆಲಸ, ಮಾಘ ಫಾಲ್ಗುಣಗಳಲ್ಲಿ ಮಾಡಿ. ಈಗ ತುರ್ತಿದ್ದರೆ ಸಾದಾ ಕಾರ್ಡಿನ ಮೂಲೆಯಲ್ಲಿ ಚಿಕ್ಕ ಕಾಗದದ ಪೊಟ್ಟಣವೊಂದನ್ನು ಹೊಲಿದು, ಅದರಲ್ಲಿ ಒಂದು ಚಿಟಿಕೆ ಹರಿವೆ ಬೀಜ ಹಾಕಿ, ಬಿತ್ತುವ ಕ್ರಮವನ್ನು ಹಿಂಬದಿಯಲ್ಲಿ ಎರಡು ಸಾಲಿನಲ್ಲಿ ಬರೆಯಿರಿ. ಮೊಳೆತುಹೋದ ಆ ಹಾಳೆಗಳನ್ನು ಎಸೆಯಬೇಡಿ; ಹಾಗೆಯೇ ಮಡಿಯಲ್ಲಿ ಹಾಸಿ ಮೇಲೆ ತೆಳುವಾಗಿ ಮಣ್ಣು ಉದುರಿಸಿ.